ಉಗುಳಿನ ಸಾಕ್ಷಿ

ಕೆನ್ನೆಯ ಒಳಬದಿಗೂ ವಸಡಿಗೂ ನಡುವೆ ಒಂದು ಸ್ಪಂಜಿನ ಕಡ್ಡಿ ಇಟ್ಟು ಎರಡು ಮೂರು ನಿಮಿಷ ಬಿಟ್ಟರೆ ಸಾಕು. ತೊಯ್ದ ಕಡ್ಡಿಯನ್ನು ಪುಟ್ಟ ಪ್ಲಾಸ್ಟಿಕ್ ಕಿಟ್‌ನೊಳಗೆ ಇಳಿಸುತ್ತಾರೆ. ಇನ್ನೈದು ಹತ್ತು ನಿಮಿಷದಲ್ಲಿ ಬಿಳಿ ಪಟ್ಟಿಯ ಮೇಲೆ ತೆಳು ಕೆಂಪು ಗೆರೆಗಳು ಮೂಡುತ್ತವೆ, ಅಥವಾ ಮೂಡಬೇಕಾದ ಕಡೆ ಮೂಡದೆ ಉಳಿಯುತ್ತವೆ. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ, ಕಾವಲಿನವನ ಮುಂದೆ ಮೂತ್ರ ಹಿಡಿದು ಕೊಡುವ ಮುಜುಗರವೂ ಇಲ್ಲ. ಆ ಮನುಷ್ಯ ನಿನ್ನೆ ರಾತ್ರಿ ಗಾಂಜಾ ಸೇದಿದ್ದನೇ, ಕೊಕೇನ್ ಮೂಸಿದ್ದನೇ ಎಂಬ ಪ್ರಶ್ನೆಗೆ ಅವನು ಒಂದು ಮಾತೂ ಆಡುವ ಮೊದಲೇ ಅವನ ಬಾಯಿ ಉತ್ತರ ಕೊಟ್ಟಾಗಿರುತ್ತದೆ.

ಈ ಪರೀಕ್ಷೆಯ ವಿವರ ತಿಳಿದಷ್ಟೂ ನನ್ನ ಬೆರಗು ಹೆಚ್ಚುತ್ತಲೇ ಇದೆ. ದಿನವಿಡೀ ನುಂಗುತ್ತ, ಉಗಿಯುತ್ತ, ಗಮನಿಸದೆಯೇ ಕಳೆಯುವ ಒಂದು ದ್ರವ ನಮ್ಮ ಹಿಂದಿನ ದಿನದ ಲೆಕ್ಕವನ್ನು ಇಷ್ಟು ನಿಷ್ಠೆಯಿಂದ ಇಟ್ಟುಕೊಂಡಿರುತ್ತದೆಯಲ್ಲ! ನಮ್ಮ ಮನೆಗಳಲ್ಲಿ ಉಗುಳಿನಷ್ಟು ಕೀಳಾಗಿ ಕಂಡ ವಸ್ತು ಹೆಚ್ಚಿಲ್ಲ. ಎಂಜಲು ಕೈಯಲ್ಲಿ ಬಡಿಸಬಾರದು, ಎಂಜಲು ಲೋಟವನ್ನು ನೀರಿನ ಕೊಡದ ಹತ್ತಿರ ಇಡಬಾರದು, ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು. ಚೆನ್ನೈಯ ಹಳೆಯ ಮನೆಗಳಲ್ಲೂ ಇದೇ ರೂಢಿ. ಬಂದವರು ಎತ್ತಿ ಕುಡಿಯುತ್ತಾರೋ ಕಚ್ಚಿ ಕುಡಿಯುತ್ತಾರೋ ಎಂದು ಹಿರಿಯರು ಓರೆಗಣ್ಣಿನಲ್ಲಿ ನೋಡುವುದನ್ನು ತಮಿಳರೂ ಬಲ್ಲರು, ನಾವೂ ಬಲ್ಲೆವು. ಎರಡೂ ನಾಡಿನ ಕಥೆಗಳಲ್ಲಿ ಈ ನೇಮವನ್ನು ಪ್ರೀತಿಯಿಂದ ಮೀರಿದವನು ಕಣ್ಣಪ್ಪ. ಪೆರಿಯ ಪುರಾಣದ ಅರವತ್ತಮೂವರಲ್ಲಿ ಒಬ್ಬನಾದ ಆ ಬೇಡ, ಕಾಳಹಸ್ತಿಯ ಲಿಂಗಕ್ಕೆ ಬಾಯಿ ತುಂಬ ತಂದ ನೀರಿನಿಂದಲೇ ಅಭಿಷೇಕ ಮಾಡಿದ. ಕನ್ನಡ ಸಿನಿಮಾದ ಬಹುಪಾಲು ಕೆಲಸ ಮದ್ರಾಸಿನ ಸ್ಟುಡಿಯೋಗಳಲ್ಲಿ ನಡೆಯುತ್ತಿದ್ದ ಆ ಕಾಲದಲ್ಲಿ, 1954ರಲ್ಲಿ, ರಾಜಕುಮಾರ್ ಮೊದಲ ಬಾರಿಗೆ ನಾಯಕರಾಗಿ ಬಂದದ್ದೂ ಇದೇ ಕಣ್ಣಪ್ಪನ ಪಾತ್ರದಲ್ಲಿ.

ದೇಹ ಈ ದ್ರವವನ್ನು ತಯಾರಿಸಲು ಪಡುವ ಶ್ರಮ ನೋಡಿದರೆ ಅದು ಎಸೆಯುವ ವಸ್ತು ಅನಿಸುವುದೇ ಇಲ್ಲ. ಕಿವಿಯ ಮುಂದೊಂದು ಜೋಡಿ, ದವಡೆಯ ಅಡಿಗೊಂದು ಜೋಡಿ, ನಾಲಿಗೆಯ ಅಡಿಗೊಂದು ಜೋಡಿ, ಹೀಗೆ ಮೂರು ಜೋಡಿ ದೊಡ್ಡ ಗ್ರಂಥಿಗಳು. ತುಟಿ, ಕೆನ್ನೆ, ಅಂಗುಳಿನ ತುಂಬ ನೂರಾರು ಸಣ್ಣವು. ಎಲ್ಲ ಸೇರಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಒಸರುತ್ತವೆ. ಅದರಲ್ಲಿ ನೂರಕ್ಕೆ 99 ಪಾಲು ನೀರು. ಮಿಕ್ಕ ಒಂದು ಪಾಲಿನಲ್ಲಿ ಅನ್ನವನ್ನು ಸಕ್ಕರೆಯಾಗಿಸಲು ತೊಡಗುವ ಅಮೈಲೇಸ್, ಬ್ಯಾಕ್ಟೀರಿಯಾಗಳ ಗೋಡೆ ಒಡೆಯುವ ಲೈಸೋಜೈಮ್, ಹಲ್ಲು ಸವೆಯದಂತೆ ಕಾಯುವ ಕ್ಯಾಲ್ಸಿಯಂ ಎಲ್ಲವೂ ಇವೆ. 2006ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ವಿಜ್ಞಾನಿಗಳು ಮನುಷ್ಯನ ಉಗುಳಿನಲ್ಲಿ ಓಪಿಯೋರ್ಫಿನ್ ಎಂಬ ಅಣುವನ್ನು ಗುರುತಿಸಿದರು. ನೋವು ತಣಿಸಲೆಂದು ಅಫೀಮಿನ ಗುಣದ ಕೆಲವು ವಸ್ತುಗಳನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಅವು ಬೇಗ ಒಡೆದುಹೋಗದಂತೆ ತಡೆಯುವ ಶಕ್ತಿ ಈ ಅಣುವಿಗಿದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಅದು ಮಾರ್ಫಿನ್‌ಗೆ ಸಮನಾಗಿ ನೋವು ತಗ್ಗಿಸಿತು. ಅಮಲನ್ನು ಹುಡುಕಿಕೊಂಡು ಊರೆಲ್ಲ ಅಲೆಯುವ ಹುಡುಗನ ಬಾಯಲ್ಲೂ ಅದು ಹನಿಹನಿಯಾಗಿ ಒಸರುತ್ತಿರುತ್ತದೆ.

ಹೊರಗಿನಿಂದ ಹೊಕ್ಕ ಮಾದಕ ವಸ್ತು ಉಗುಳಿಗೆ ಬರುವ ದಾರಿಯೂ ಅಷ್ಟೇ ಸೊಗಸಾದದ್ದು. ಈ ಗ್ರಂಥಿಗಳನ್ನು ಸೂಕ್ಷ್ಮ ರಕ್ತನಾಳಗಳು ಬಲೆಯಂತೆ ಸುತ್ತಿವೆ. ಪ್ರೋಟೀನುಗಳಿಗೆ ಅಂಟಿಕೊಳ್ಳದೆ ರಕ್ತದಲ್ಲಿ ಬಿಡಿಯಾಗಿ ತೇಲುವ, ಕೊಬ್ಬಿನಲ್ಲಿ ಕರಗಬಲ್ಲ ಅಣುಗಳು ಜೀವಕೋಶದ ಪೊರೆಯನ್ನು ದಾಟಿ ಬಾಯಿಗೆ ಬರುತ್ತವೆ. ಉಗುಳು ಸಾಮಾನ್ಯವಾಗಿ ರಕ್ತಕ್ಕಿಂತ ತುಸು ಆಮ್ಲೀಯ. ಕೊಕೇನ್, ಆಂಫೆಟಮಿನ್‌ಗಳು ಪ್ರತ್ಯಾಮ್ಲ ಗುಣದವು; ಉಗುಳಿಗೆ ಬಂದೊಡನೆ ವಿದ್ಯುದಂಶ ಪಡೆದುಕೊಂಡು, ಬಂದ ದಾರಿಯಲ್ಲಿ ಮರಳಲಾರದೆ ಅಲ್ಲೇ ಸಿಕ್ಕಿಬೀಳುತ್ತವೆ. ಹೀಗಾಗಿ ಇವುಗಳ ಪ್ರಮಾಣ ರಕ್ತಕ್ಕಿಂತ ಉಗುಳಿನಲ್ಲೇ ಹೆಚ್ಚಿರುವುದುಂಟು. ಮೂಗಿನಿಂದ ಒಳಗೆ ಎಳೆದದ್ದು, ತೋಳಿಗೆ ಚುಚ್ಚಿಕೊಂಡದ್ದು ಕೊನೆಗೆ ನಾಲಿಗೆಯ ಅಡಿಯಲ್ಲಿ ಬಂದು ನಿಂತಿರುತ್ತದೆ.

ಗಾಂಜಾದ ಕಥೆ ಬೇರೆ. ಅದರ ಅಮಲಿನ ಅಣುವಾದ ಟಿಎಚ್‌ಸಿ ರಕ್ತದಿಂದ ಉಗುಳಿಗೆ ಇಳಿಯುವುದು ಅತ್ಯಲ್ಪ. ಹೊಗೆ ಎಳೆದಾಗ ಬಾಯಿಯ ಒಳಪೊರೆಗೆ ಹತ್ತಿದ ಲೇಪವೇ ಗಂಟೆಗಟ್ಟಲೆ ಉಗುಳಿಗೆ ಬಿಟ್ಟುಕೊಳ್ಳುತ್ತಿರುತ್ತದೆ. ಅಂದರೆ ಗಾಂಜಾದ ವಿಷಯದಲ್ಲಿ ಈ ಕಿಟ್ ಮೆದುಳಿನ ಸ್ಥಿತಿಯನ್ನು ಹೇಳುತ್ತಿಲ್ಲ, ಬಾಯಿಯ ಗೋಡೆಗೆ ಹಿಡಿದ ಹೊಗೆಯನ್ನು ಹೇಳುತ್ತಿದೆ. ಇದೇ ಗಾಂಜಾ ಬಾಯನ್ನು ಒಣಗಿಸುತ್ತದೆ ಕೂಡ. ಹಾಗಾಗಿ ಯಾರ ಉಗುಳು ಬೇಕೋ ಅವನ ಬಾಯಲ್ಲಿ ಕಡ್ಡಿ ತೊಯ್ಯುವಷ್ಟೂ ಪಸೆ ಇಲ್ಲದೆ ಪರೀಕ್ಷೆ ಮಾಡುವವರು ಕಾಯುತ್ತ ನಿಲ್ಲುವ ಪ್ರಸಂಗಗಳಿವೆ.

ಇನ್ನು ಆ ಕೆಂಪು ಗೆರೆ. ಅದು ಬಣ್ಣವಲ್ಲ, ಚಿನ್ನ! ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ತೇಲಿಬಿಟ್ಟರೆ ಚಿನ್ನ ಹಳದಿಯಾಗಿ ಉಳಿಯುವುದಿಲ್ಲ, ಮಾಣಿಕ್ಯದ ಕೆಂಪಿಗೆ ತಿರುಗುತ್ತದೆ. 1857ರಲ್ಲಿ ಲಂಡನ್ನಿನಲ್ಲಿ ಮೈಕಲ್ ಫ್ಯಾರಡೆ ಈ ಕೆಂಪು ಚಿನ್ನದ ಹಿಂದೆ ಬಿದ್ದು ಅದರ ಗುಣ ವಿವರಿಸಿದ. ಅವನ ಕಾಲದಲ್ಲಿ ಅದೊಂದು ಶುದ್ಧ ಕುತೂಹಲ. ಇಂದು ಕಿಟ್‌ನೊಳಗಿನ ಪ್ರತಿಕಾಯಗಳ ಬೆನ್ನಿಗೆ ಅದೇ ಚಿನ್ನದ ಕಣಗಳನ್ನು ಕಟ್ಟಿರುತ್ತಾರೆ. ಒಂದೊಂದು ಪ್ರತಿಕಾಯ ಒಂದೊಂದು ಮಾದಕ ಅಣುವನ್ನು ಮಾತ್ರ ಹುಡುಕಿ ಹಿಡಿಯುತ್ತದೆ. ಹೀಗೆ ಒಂದೇ ಗುರಿಯ ಪ್ರತಿಕಾಯಗಳನ್ನು ಬೇಕಾದಷ್ಟು ಬೆಳೆಸುವ ವಿಧಾನವನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಕಂಡುಹಿಡಿದವರು ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್. ಅದಕ್ಕೆ 1984ರಲ್ಲಿ ನೊಬೆಲ್ ಬಂತು. ಪಟ್ಟಿಯ ಮೇಲೆ ಗೆರೆ ಮೂಡಬೇಕಾದ ಕಡೆ ಮಾದಕ ಅಣುವನ್ನೇ ಮೊದಲೇ ಅಂಟಿಸಿಟ್ಟಿರುತ್ತಾರೆ. ಉಗುಳು ಶುದ್ಧವಾಗಿದ್ದರೆ ಪ್ರತಿಕಾಯಗಳು ಖಾಲಿ ಕೈಯಲ್ಲಿ ಹರಿದು ಬಂದು ಅಲ್ಲಿ ಹಿಡಿದು ನಿಲ್ಲುತ್ತವೆ, ಚಿನ್ನ ಸಾಲುಗಟ್ಟಿ ಕೆಂಪಾಗುತ್ತದೆ. ಉಗುಳಿನಲ್ಲಿ ಮಾದಕ ವಸ್ತು ಇದ್ದರೆ ದಾರಿಯಲ್ಲೇ ಅವುಗಳ ಕೈ ತುಂಬಿಹೋಗಿ, ನಿಲ್ಲದೆ ಮುಂದೆ ಸಾಗುತ್ತವೆ, ಗೆರೆ ಮೂಡುವುದಿಲ್ಲ. ಕೊರೊನಾ ಕಾಲದಲ್ಲಿ ಗೆರೆ ಕಂಡು ಹೆದರಿದ್ದವರು ನಾವು. ಇಲ್ಲಿ ಗೆರೆ ಕಾಣದಿದ್ದರೆ ಹೆದರಬೇಕು.

ಪ್ರಮಾಣದ ಮಾತು ಬಂದರೆ ನನಗೆ ಮಾತು ನಿಲ್ಲುತ್ತದೆ. ಅಮೆರಿಕದ ಸರ್ಕಾರಿ ನೌಕರರ ಉಗುಳಿನ ಪರೀಕ್ಷೆಗೆ ಅಲ್ಲಿ ಗೊತ್ತುಮಾಡಿರುವ ಮಿತಿ ಗಾಂಜಾಕ್ಕೆ ಒಂದು ಮಿಲಿಲೀಟರಿಗೆ 4 ನ್ಯಾನೊಗ್ರಾಂ. ಚೆನ್ನೈಯವರಿಗೆ ಇದನ್ನು ನೀರಿನ ಲಾರಿಯ ಲೆಕ್ಕದಲ್ಲಿ ಹೇಳಬೇಕು. ಬೇಸಿಗೆಯಲ್ಲಿ ಬೀದಿಬೀದಿಗೆ ಬರುವ 12,000 ಲೀಟರಿನ 83 ಟ್ಯಾಂಕರುಗಳನ್ನು ಸಾಲಾಗಿ ನಿಲ್ಲಿಸಿ, ಅಷ್ಟೂ ನೀರಿಗೆ ಸೇರಿ ಒಂದೇ ಒಂದು ಟೀ ಚಮಚ ಸಕ್ಕರೆ ಹಾಕಿದರೆ ಆಗುವ ಸಿಹಿಯಷ್ಟು ಅದು. ಇಂಥ ಅತ್ಯಲ್ಪ ಪ್ರಮಾಣಗಳನ್ನು ಹುಡುಕುವ ಕಿಟ್ ಒಂದು ಜೇಬಿನಲ್ಲಿ ಹಿಡಿಯುತ್ತದೆ.

ಇಷ್ಟೆಲ್ಲ ಹೊಸತು ಎನ್ನುವಾಗಲೇ ಬಾಯಿಯನ್ನು ಸಾಕ್ಷಿಗೆ ಕರೆಯುವುದು ನಮಗೆ ಹೊಸತಲ್ಲ ಎಂಬುದೂ ನೆನಪಾಗುತ್ತದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥದಲ್ಲಿ ದಿವ್ಯಗಳ, ಅಂದರೆ ದೈವವನ್ನು ಸಾಕ್ಷಿಯಾಗಿಟ್ಟು ಸತ್ಯ ಪರೀಕ್ಷಿಸುವ ಕ್ರಮಗಳ, ದೀರ್ಘ ವಿವರಣೆಯಿದೆ. ಅವುಗಳಲ್ಲಿ ಒಂದು ತಂಡುಲ ದಿವ್ಯ. ಕಳವಿನ ಶಂಕೆ ಬಂದವನಿಗೆ ದೇವರ ಸ್ನಾನದ ನೀರಿನಲ್ಲಿ ನೆನೆಸಿದ ಅಕ್ಕಿಯನ್ನು ಅಗಿಯಲು ಕೊಟ್ಟು ಎಲೆಯ ಮೇಲೆ ಉಗುಳಿಸುತ್ತಿದ್ದರು. ರಕ್ತ ಕಂಡರೆ, ಮೈ ನಡುಗಿದರೆ ಅವನು ಅಪರಾಧಿ. ಅದರಲ್ಲೂ ಒಂದು ಶರೀರ ಜ್ಞಾನ ಅಡಗಿದೆ ಎಂದು ನನಗೆ ತೋರುತ್ತದೆ. ಭಯಗೊಂಡಾಗ ಬಾಯಾರುತ್ತದೆ, ಒಣಬಾಯಿಯಲ್ಲಿ ಅಕ್ಕಿ ಅಗಿದರೆ ವಸಡು ಗೀರಿಕೊಳ್ಳುವುದು ಸಹಜ. ಆದರೆ ತಪ್ಪು ಮಾಡದ ಬಡವನನ್ನೂ ಹತ್ತು ಮಂದಿಯ ನಡುವೆ ನಿಲ್ಲಿಸಿದರೆ ಅವನ ಬಾಯೂ ಆರುತ್ತದೆ. ಆ ಪರೀಕ್ಷೆ ಕಂಡದ್ದು ಭಯವನ್ನು. ತೀರ್ಪು ಬಂದದ್ದು ಕಳವಿನ ಮೇಲೆ. ಹೀಗೆ ಎಷ್ಟು ಜನ ನಿರಪರಾಧಿಗಳು ದಂಡ ತೆತ್ತಿರಬಹುದು ಎಂದು ನೆನೆದರೆ ಎದೆ ಭಾರವಾಗುತ್ತದೆ. ಕಂಡದ್ದಕ್ಕೂ ತೀರ್ಪಿಗೂ ನಡುವಿನ ಈ ಅಂತರ ಚಿನ್ನದ ಗೆರೆಯ ಕಾಲದಲ್ಲೂ ಹಾಗೇ ಇದೆ.

ಈ ಅಂತರವನ್ನು ತುಂಬಲು ಅಪರಾಧ ತನಿಖೆಯ ಪ್ರಯೋಗಾಲಯವೆಂಬುದು ಹುಟ್ಟಿತು. ಭಾರತದಲ್ಲಿ ಅದು ಮೊದಲು ಹುಟ್ಟಿದ್ದು ಚೆನ್ನೈಯಲ್ಲಿ. 1849ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಆರೋಗ್ಯ ಇಲಾಖೆಯ ಅಡಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ತೆರೆಯಿತು; ಕಲ್ಕತ್ತಾ, ಆಗ್ರಾ, ಬಾಂಬೆಗಳದ್ದು ಅದರ ನಂತರ. ಪಾಷಾಣ, ಉಮ್ಮತ್ತಿ, ಅಫೀಮು ತಿಂದು ಅಥವಾ ಯಾರೋ ತಿನ್ನಿಸಿ ಸತ್ತವರ ಕರುಳನ್ನು ಪರೀಕ್ಷಿಸಿ ಇಂಥದೇ ವಿಷ ಎಂದು ಬರೆದು ಕೊಡುವುದು ಇಂಥ ಪ್ರಯೋಗಾಲಯಗಳ ಕೆಲಸ. ಆಗ ವಿಷ ಪತ್ತೆಯಾಗಲು ಮನುಷ್ಯ ಸಾಯಬೇಕಿತ್ತು. ಇಂದು ತಮಿಳುನಾಡಿನ ವಿಧಿವಿಜ್ಞಾನ ಇಲಾಖೆ ಮೈಲಾಪುರದ ಕಾಮರಾಜರ್ ಸಾಲೈಯಲ್ಲಿದೆ. ಮರೀನಾಕ್ಕೆ ಗಾಳಿ ಕುಡಿಯಲು ಹೋಗುವ ಸಾವಿರಾರು ಮಂದಿ ಅದರ ಮುಂದೆಯೇ ಹಾದುಹೋಗುತ್ತಾರೆ. ಆ ಕಡೆ ಹೋದಾಗಲೆಲ್ಲ ನನಗೆ ಒಂದು ಗೌರವ ಮೂಡುತ್ತದೆ. ಸತ್ತವನ ಕರುಳಿನಿಂದ ಬದುಕಿರುವವನ ಬಾಯಿಯ ಪಸೆಯವರೆಗೆ ಈ ವಿದ್ಯೆ ನಡೆದು ಬಂದ ದೂರ ಎಷ್ಟು!

ದೇಹದಲ್ಲಿ ಒಂದಲ್ಲ, ಹಲವು ಗಡಿಯಾರಗಳಿವೆ. ರಕ್ತ ಕೆಲವು ಗಂಟೆಗಳನ್ನು ನೆನಪಿಟ್ಟುಕೊಳ್ಳುತ್ತದೆ, ಉಗುಳು ಒಂದೆರಡು ದಿನವನ್ನು, ಮೂತ್ರ ಹಲವು ದಿನಗಳನ್ನು. ನಿತ್ಯ ಗಾಂಜಾ ಸೇದುವವನಾದರೆ ವಾರಗಳನ್ನು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತ ತಿಂಗಳುಗಳ ಚರಿತ್ರೆಯನ್ನೇ ಬರೆದಿಡುತ್ತದೆ. 2020ರಲ್ಲಿ ಬೆಂಗಳೂರಿನಲ್ಲಿ ಚಿತ್ರರಂಗದವರ ಮೇಲೆ ಬಂದ ಮಾದಕ ವಸ್ತು ಪ್ರಕರಣದಲ್ಲಿ ಆರೋಪಿಗಳ ಕೂದಲನ್ನು ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳಿಸಿದ್ದು ಇದಕ್ಕೇ. ವರದಿಯ ಸುದ್ದಿ ಬಂದದ್ದು 2021ರ ಆಗಸ್ಟ್‌ನಲ್ಲಿ. 2025ರ ಜೂನ್‌ನಲ್ಲಿ ಚೆನ್ನೈಯ ನುಂಗಂಬಾಕ್ಕಂ ಪೊಲೀಸರು ಕೊಕೇನ್ ಪ್ರಕರಣದಲ್ಲಿ ಒಬ್ಬ ನಟನನ್ನು ಹಿಡಿದಾಗ ನೆಚ್ಚಿದ್ದು ರಕ್ತಪರೀಕ್ಷೆಯನ್ನು. ಉಗುಳಿನ ಪರೀಕ್ಷೆ ಬೇಕಾಗುವುದು ರಸ್ತೆಯ ಬದಿಯಲ್ಲಿ, ಈ ಹೊತ್ತಿನಲ್ಲಿ, ಈ ಚಕ್ರದ ಹಿಂದೆ ಕೂತವನ ಬಗ್ಗೆ. ಪಕ್ಕದ ಕೇರಳದ ಪೊಲೀಸರು 2022ರಲ್ಲಿ ಇದಕ್ಕೆಂದೇ ವ್ಯಾನ್ ಇಳಿಸಿದರು.

ಆದರೆ ಕಿಟ್ ತನಗೆ ಕಲಿಸಿದ್ದನ್ನಷ್ಟೇ ನೋಡಬಲ್ಲದು. ಚೆನ್ನೈಯ ಪೊಲೀಸರು ಈ ಕೆಲವು ವರ್ಷಗಳಲ್ಲಿ ಮತ್ತೆ ಮತ್ತೆ ವಶಪಡಿಸಿಕೊಳ್ಳುತ್ತಿರುವುದು ಟಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು. ಹುಡುಗರು ಅದನ್ನು ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುತ್ತಾರೆ. ಅಫೀಮು ಹುಡುಕುವ ಸಾಮಾನ್ಯ ಪಟ್ಟಿಗೆ ಆ ಅಣುವಿನ ಗುರುತೇ ಸಿಗುವುದಿಲ್ಲ. ಶಾಲೆಯ ಮಕ್ಕಳ ತುಟಿಯೊಳಗೆ ಸೇರಿರುವ ಕೂಲ್ ಲಿಪ್ ಎಂಬ ತಂಬಾಕಿನ ಪುಟ್ಟ ಚೀಲದ ವಿಷಯ 2024ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಮುಂದೆ ಬಂತು. ಅದು ಇರುವುದೂ ಪರೀಕ್ಷೆಯ ಕಡ್ಡಿ ಇಡುವ ಜಾಗದಲ್ಲೇ, ಕರಗುವುದೂ ಅದೇ ಉಗುಳಿನಲ್ಲಿ. ಆದರೆ ರಸ್ತೆಬದಿಯ ಕಿಟ್ ತಂಬಾಕನ್ನು ಕೇಳುವುದೇ ಇಲ್ಲ. ಇನ್ನೊಂದು ತುದಿಯಲ್ಲಿ, ನಮ್ಮ ಹಬ್ಬದ ಗಸಗಸೆ ಪಾಯಸವಿದೆ. ಅಫೀಮಿನ ಗಿಡದ ಬೀಜವಾದ್ದರಿಂದ ಅದರ ಸಿಪ್ಪೆಗೆ ಹತ್ತಿದ ಮಾರ್ಫಿನ್‌ನ ಸೋಂಕು ಉಂಡ ಮೇಲೆ ಸ್ವಲ್ಪ ಹೊತ್ತು ಬಾಯಲ್ಲಿ ಉಳಿದು ಸೂಕ್ಷ್ಮ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಎರಡು ಲೋಟ ಪಾಯಸ ಕುಡಿದು ಸ್ಕೂಟರ್ ಹತ್ತಿದ ಅಜ್ಜನೂ, ಸೂಜಿ ಚುಚ್ಚಿಕೊಂಡ ಹುಡುಗನೂ ಒಂದೇ ರಾತ್ರಿ ಒಂದೇ ತಪಾಸಣೆಗೆ ಸಿಕ್ಕರೆ, ಕಿಟ್ ಯಾರ ಮೇಲೆ ಬೆರಳು ತೋರಿಸಬಹುದು ಎಂದು ಯೋಚಿಸಿ.

ಜಗತ್ತಿನಲ್ಲಿ ಮೊದಲು ರಸ್ತೆಬದಿಯಲ್ಲಿ ಹೀಗೆ ಉಗುಳು ನೋಡತೊಡಗಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 2004ರ ಡಿಸೆಂಬರ್‌ನಲ್ಲಿ. ಮೊದಲ ದಿನ ಕ್ಯಾಮೆರಾಗಳನ್ನೂ ಕರೆದಿದ್ದರು. ಅವುಗಳ ಎದುರಿನಲ್ಲೇ ಒಬ್ಬ ವ್ಯಾನ್ ಚಾಲಕನ ಉಗುಳಿನಲ್ಲಿ ಮಾದಕ ವಸ್ತು ಇದೆ ಎಂದು ಯಂತ್ರ ಹೇಳಿತು. ಅವನ ಮುಖ ಲೋಕವೆಲ್ಲ ಕಂಡಿತು. ಮುಂದೆ ಪ್ರಯೋಗಾಲಯದಲ್ಲಿ ನೋಡಿದಾಗ ಆ ಫಲಿತಾಂಶ ನಿಲ್ಲಲಿಲ್ಲ. ಯಂತ್ರದ ತಪ್ಪು ತಿದ್ದಬಹುದು, ತಿದ್ದಿದರು. ಮಾನ ಹೋದದ್ದು? ಈ ಘಟನೆ ಓದಿದ ಮೇಲೆ ರಸ್ತೆಬದಿಯ ಗೆರೆಯನ್ನು ನಾನು ಪ್ರಶ್ನೆ ಎಂದೇ ತಿಳಿಯುತ್ತೇನೆ. ಅಣುಗಳನ್ನು ಬೇರ್ಪಡಿಸಿ, ಅವುಗಳ ತೂಕ ನೋಡಿ ಹೆಸರಿಸುವ ಪ್ರಯೋಗಾಲಯದ ಯಂತ್ರವೇ ಉತ್ತರ ಹೇಳಬೇಕು. ಆ ಉತ್ತರ ಬರುವ ತನಕ ಯಾರ ಮುಖವನ್ನೂ ಟೀವಿಯಲ್ಲಿ ತೋರಿಸಬಾರದು. ಈ ವಿಷಯದಲ್ಲಿ ನಮ್ಮ ಕನ್ನಡದ ಚಾನೆಲ್‌ಗಳೂ ತಮಿಳಿನ ಚಾನೆಲ್‌ಗಳೂ 2020ರಿಂದ ಈಚೆಗೆ ನಡೆದುಕೊಂಡ ರೀತಿ ನನಗೆ ನೋವು ತಂದಿದೆ.

ಕಾನೂನು ಈ ಸಾಕ್ಷಿಯನ್ನು ಹೇಗೆ ನೋಡುತ್ತದೆ ಎಂಬುದೂ ಚಿಂತಿಸತಕ್ಕದ್ದೇ. ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಔಷಧ ಕೊಟ್ಟು ಬಾಯಿ ಬಿಡಿಸುವ ಮಂಪರು ಪರೀಕ್ಷೆ ಸಲ್ಲದು ಎಂದಿತು. ಮನಸ್ಸಿನೊಳಗಿನ ಮಾತನ್ನು ಬಲವಂತವಾಗಿ ಹೊರತೆಗೆಯುವಂತಿಲ್ಲ. ಬೆರಳಚ್ಚು, ರಕ್ತ, ಬೆವರುಗಳ ದಾರಿ ಬೇರೆ; ಅವು ಮಾತಲ್ಲ, ವಸ್ತು. ಒಂದೇ ಬಾಯಿ, ಅದರಿಂದ ಬರುವ ಮಾತಿಗೆ ಸಂವಿಧಾನದ ಕಾವಲಿದೆ, ಅದೇ ಬಾಯಿಯ ಪಸೆಗೆ ಅಷ್ಟು ಕಾವಲಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ ಮದ್ಯಕ್ಕೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಸ್ಪಷ್ಟ ಗಡಿಯಿದೆ. ಮಾದಕ ವಸ್ತುವಿಗೆ ಅಂಥ ಅಂಕಿಯಿಲ್ಲ. ವಾಹನದ ಮೇಲೆ ಹಿಡಿತ ತಪ್ಪುವಷ್ಟು ಅಮಲಿನಲ್ಲಿದ್ದನೇ ಎಂಬುದೇ ಪ್ರಶ್ನೆ. ಉಗುಳಿನ ಪರೀಕ್ಷೆ ಆ ಪ್ರಶ್ನೆಗೆ ಅರ್ಧ ಉತ್ತರವಷ್ಟೇ. ಮಾದಕ ವಸ್ತು ಇತ್ತು ಎನ್ನುತ್ತದೆ. ಎಷ್ಟು ಏರಿತ್ತು, ಕೈ ನಡುಗುತ್ತಿತ್ತೇ, ಕಣ್ಣು ಮಂಜಾಗಿತ್ತೇ ಎಂಬುದನ್ನು ಎದುರಿಗೆ ನಿಂತ ಮನುಷ್ಯನೇ ನೋಡಬೇಕು. ಯಾಕೆ ಸೇದಿದ, ಮನೆಯಲ್ಲಿ ಏನಾಗಿತ್ತು ಎಂಬುದನ್ನಂತೂ ಯಾವ ದ್ರವವೂ ಹೇಳದು.

ಈ ಕೊನೆಯ ಪ್ರಶ್ನೆಯನ್ನು ಕೇಳಲು ಕೂತವರೂ ಚೆನ್ನೈಯಲ್ಲೇ ಇದ್ದಾರೆ. ಕುಡಿತದಿಂದ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ ಅವರು ಗಂಡನ ಹೆಸರಿನಲ್ಲೇ 1980ರಲ್ಲಿ ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್ ಕಟ್ಟಿದರು. ಊರಿನವರ ಬಾಯಲ್ಲಿ ಅದು ಟಿಟಿಕೆ ಆಸ್ಪತ್ರೆ. ವ್ಯಸನವನ್ನು ಕೆಟ್ಟ ಚಾಳಿ ಎಂದೇ ಜರೆಯುತ್ತಿದ್ದ ಕಾಲದಲ್ಲಿ, ಇದೊಂದು ಕಾಯಿಲೆ, ಮನೆಯವರೆಲ್ಲರಿಗೂ ತಗಲುವ ಕಾಯಿಲೆ ಎಂದು ಹೇಳಿ, ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು ಚಿಕಿತ್ಸೆ ಕೊಡತೊಡಗಿದ ಸಂಸ್ಥೆ ಅದು. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಂಥ ಕಡೆ ಉಗುಳಿನ ಕಡ್ಡಿಯ ಅರ್ಥವೇ ಬದಲಾಗಬಲ್ಲದು. ಪೊಲೀಸನ ಕೈಯಲ್ಲಿ ಅದು ತಪ್ಪು ಹಿಡಿಯುವ ಸಾಧನ. ಚಿಕಿತ್ಸೆಯಲ್ಲಿರುವವನಿಗೆ ಅದು, ನಾನು ನಿನ್ನೆಯೂ ಮುಟ್ಟಲಿಲ್ಲ ನೋಡಿ ಎಂದು ಅಮ್ಮನ ಮುಂದೆ ಹಿಡಿಯಬಹುದಾದ ಕೆಂಪು ಗೆರೆ. ಮನೆಯವರು ಮಾತನ್ನು ನಂಬುವುದನ್ನು ಬಿಟ್ಟು ಎಷ್ಟೋ ಕಾಲವಾದ ಮೇಲೆ, ನಂಬಿಕೆ ಮರಳಿ ಶುರುವಾಗಲು ಅಷ್ಟು ಚಿಕ್ಕ ಗೆರೆಯೂ ನೆರವಾಗುತ್ತದೆ. ಈ ಪರೀಕ್ಷೆಯ ಸಾಧ್ಯತೆಗಳಲ್ಲಿ ನನ್ನ ಮನಸ್ಸು ಹೆಚ್ಚು ಕಾಲ ನಿಲ್ಲುವುದು ಇಲ್ಲೇ.

ದೆಹಲಿಯ ಏಮ್ಸ್ ಮುಂದಾಳತ್ವದಲ್ಲಿ ನಡೆದು 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗಾಂಜಾ, ಭಂಗಿ ಬಳಸುವವರು ಸುಮಾರು 3.1 ಕೋಟಿ. ಅಷ್ಟು ಬಾಯಿಗಳಿಗೆ ಕಡ್ಡಿ ಇಡಲು ಯಾವ ಪೊಲೀಸ್ ಪಡೆಗೂ ಆಗದು, ಆಗಲೂ ಬಾರದು. 1985ರ ಮಾದಕ ವಸ್ತು ಕಾಯ್ದೆ ಸೇವನೆಗೆ ಶಿಕ್ಷೆ ಹೇಳಿದೆ, ನಿಜ. ಅದೇ ಕಾಯ್ದೆಯ 64ಎ ಕಲಮನ್ನು ಓದಿದವರು ಕಡಿಮೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮುಂದೆ ಬಂದು, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಈ ರಕ್ಷಣೆ ಹಿಂತೆಗೆಯಬಹುದು.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಅಂಥ ಒಬ್ಬ ಹುಡುಗನಿದ್ದರೆ, ರಸ್ತೆಬದಿಯ ಕಿಟ್ ಅವನ ಬಾಯಿಗೆ ಹೋಗುವ ಮೊದಲು ನೀವೇ ಅವನ ಪಕ್ಕ ಕುಳಿತು ಅವನ ಮಾತು ಕೇಳಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿಗೆ ಕರೆ ಮಾಡಿ. ಸಂಖ್ಯೆ 14446, ಕರೆ ಉಚಿತ.